ಎತ್ತುವ ಮೊದಲು ಬಿಡಿಸಬೇಕು: ಹುಬ್ಬಿನ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿರುವವರಿಗೆ ಒಂದು ಬಹಿರಂಗ ಪತ್ರ

ಹಣೆಯ ಗೆರೆಗಳು ಆಳವಾದವೆಂದೋ, ಹುಬ್ಬುಗಳು ಇಳಿದು ಕಣ್ಣಿನ ಮೇಲೆ ಭಾರವಾಗಿ ಕುಳಿತಿವೆಯೆಂದೋ, ಚೆನ್ನಾಗಿ ನಿದ್ದೆಯಾದ ದಿನವೂ ಕಂಡವರೆಲ್ಲ ‘ಯಾಕೆ, ಹುಷಾರಿಲ್ಲವೇ’ ಎಂದು ವಿಚಾರಿಸುತ್ತಾರೆಂದೋ ಮುಖದ ಮೇಲ್ಭಾಗವನ್ನು ಎತ್ತರಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿರುವ ಸ್ತ್ರೀಪುರುಷರನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯಲಾಗಿದೆ. ಅಂಥ ಬಯಕೆ ಸರಿಯೋ ತಪ್ಪೋ ಎಂಬ ವಿಚಾರಣೆ ಇದರ ಕೆಲಸವಲ್ಲ. ಅದು ಅವರವರ ಮುಖ, ಅವರವರ ತೀರ್ಮಾನ. ಆದರೆ ಜಾಹೀರಾತುಗಳು ವಿಧಾನಗಳ ಹೆಸರುಗಳನ್ನೇ ಸರಕಿನಂತೆ ಮುಂದಿಟ್ಟು ‘ದೊಡ್ಡ ಗಾಯವಿಲ್ಲ’, ‘ಅದೇ ದಿನ ಮನೆಗೆ’ ಎಂದು ಕರೆಯುತ್ತಿರುವಾಗ, ಆ ಹೆಸರುಗಳ ಹಿಂದೆ ಹಣೆಯ ಯಾವ ಪದರದಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿದು ತೀರ್ಮಾನಿಸುವ ಹಕ್ಕು ಅವರಿಗಿದೆ. ಈ ಶಸ್ತ್ರಕ್ರಿಯೆಯ ಒಂದು ಶತಮಾನದ ಅನುಭವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಹುಬ್ಬು ಮೇಲೆ ನಿಲ್ಲುವುದು ಚರ್ಮವನ್ನು ಎಷ್ಟು ಬಲವಾಗಿ ಎಳೆದರು ಎಂಬುದಕ್ಕಿಂತ ಹೆಚ್ಚಾಗಿ, ಅದನ್ನು ಕೆಳಗೆ ಹಿಡಿದಿರುವ ಸ್ನಾಯುಗಳನ್ನೂ ಬಂಧಗಳನ್ನೂ ಎಷ್ಟು ಸರಿಯಾಗಿ ಬಿಡಿಸಿದರು ಎಂಬುದನ್ನು ಅವಲಂಬಿಸಿದೆ.

ಈ ಮಾತು ಅರ್ಥವಾಗಲು ಹಣೆಯ ರಚನೆಯನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ಮುಂಗೂದಲಿನ ಅಂಚಿನಿಂದ ಮೇಲ್ರೆಪ್ಪೆಯವರೆಗಿನ ಭಾಗವನ್ನು ಶಸ್ತ್ರವೈದ್ಯರು ಮುಖದ ಮೇಲ್ಭಾಗವೆಂದು ಎಣಿಸುತ್ತಾರೆ. ಹಣೆ, ಹುಬ್ಬುಗಳು, ಅವುಗಳ ನಡುವಿನ ಜಾಗ, ಹುಬ್ಬಿನ ತುದಿಗೂ ಕಿವಿಗೂ ನಡುವಿನ ಕಣತಲೆ ಇವೆಲ್ಲ ಅದರಲ್ಲಿ ಸೇರುತ್ತವೆ. ಹುಬ್ಬನ್ನು ಮೇಲಕ್ಕೆತ್ತುವ ಸ್ನಾಯು ಒಂದೇ ಒಂದು. ಹಣೆಯಲ್ಲಿ ಲಂಬವಾಗಿ ಹರಡಿರುವ ಅದನ್ನು ಫ್ರಂಟಾಲಿಸ್ ಎನ್ನುತ್ತಾರೆ. ಅದು ಮೇಲ್ಗಡೆ ನೆತ್ತಿಯನ್ನು ಆವರಿಸಿರುವ ಗೇಲಿಯಾ ಎಂಬ ಗಟ್ಟಿ ತಂತುಪೊರೆಯೊಡನೆ ಕೂಡಿಕೊಂಡು, ಕೆಳಗಡೆ ಯಾವ ಎಲುಬಿಗೂ ಅಂಟಿಕೊಳ್ಳದೆ ಹುಬ್ಬಿನ ಚರ್ಮದಲ್ಲೇ ಕೊನೆಗೊಳ್ಳುತ್ತದೆ. ಹುಬ್ಬನ್ನು ಕೆಳಗೆಳೆಯುವ ಸ್ನಾಯುಗಳಾದರೋ ಹಲವು: ಹುಬ್ಬುಗಳನ್ನು ಒಳಕ್ಕೆ ಸೆಳೆದು ನಡುವೆ ನೆಟ್ಟನೆಯ ಗಂಟುಗೆರೆಗಳನ್ನು ಮೂಡಿಸುವ ಕಾರುಗೇಟರ್, ಮೂಗಿನ ಬುಡದಲ್ಲಿ ಅಡ್ಡಗೆರೆ ಎಳೆಯುವ ಪ್ರೊಸೀರಸ್, ಹುಬ್ಬಿನ ಒಳತುದಿಯನ್ನು ತಗ್ಗಿಸುವ ಡಿಪ್ರೆಸರ್ ಸೂಪರ್ಸಿಲಿಯೈ, ಕಣ್ಣಿನ ಸುತ್ತ ಉಂಗುರದಂತೆ ಸುತ್ತಿಕೊಂಡು ಹುಬ್ಬಿನ ಹೊರತುದಿಯನ್ನು ಜಗ್ಗುವ ಆರ್ಬಿಕ್ಯುಲಾರಿಸ್. ಹೀಗೆ ಹುಬ್ಬು ಹಗಲಿರುಳೂ ಒಂದು ಹಗ್ಗಜಗ್ಗಾಟದ ನಡುವೆ ಇರುತ್ತದೆ. ಮೇಲಿನ ತುದಿಯಲ್ಲಿ ಒಬ್ಬನೇ ಆಳು, ಕೆಳಗಿನ ತುದಿಯಲ್ಲಿ ನಾಲ್ವರು. ಇಂಥ ಆಟದಲ್ಲಿ ಮೇಲಿನವನಿಗೆ ಬಲ ತುಂಬುವುದು ಒಂದು ದಾರಿಯಾದರೆ, ಕೆಳಗಿನವರ ಕೈಯಿಂದ ಹಗ್ಗವನ್ನು ಬಿಡಿಸುವುದು ಇನ್ನೊಂದು ದಾರಿ.

ಹುಬ್ಬಿನ ಹೊರತುದಿಯೇ ಮೊದಲು ಇಳಿಯುವುದಕ್ಕೂ ಕಾರಣ ಈ ರಚನೆಯಲ್ಲೇ ಇದೆ. ಹಣೆ ಮುಗಿದು ಕಣತಲೆ ಆರಂಭವಾಗುವಲ್ಲಿ ತಲೆಬುರುಡೆಯ ಮೇಲೆ ಬೆರಳಿಗೆ ಸಿಗುವ ಒಂದು ಏಣು ಇದೆ. ಫ್ರಂಟಾಲಿಸ್ ಸ್ನಾಯು ಹೆಚ್ಚುಕಡಿಮೆ ಆ ಏಣಿನ ಬಳಿಯೇ ನಿಂತುಬಿಡುವುದರಿಂದ, ಅದರಾಚೆಗಿನ ಹುಬ್ಬಿನ ಮೂರನೆಯ ಒಂದು ಭಾಗಕ್ಕೆ ಮೇಲಿನ ಆಸರೆ ತೀರ ಕಡಿಮೆ, ಕೆಳಗಿನ ಸೆಳೆತ ಮಾತ್ರ ಇದ್ದೇ ಇದೆ. ವಯಸ್ಸಾದಂತೆ ಚರ್ಮದ ಸ್ಥಿತಿಸ್ಥಾಪಕತೆ ಕುಗ್ಗಿ, ಹುಬ್ಬಿನಡಿಯ ಕೊಬ್ಬು ಕರಗಿ, ಕಣತಲೆಯ ಮೃದುಭಾಗ ಜೋತುಬಿದ್ದಾಗ ಹೊರತುದಿ ಕಣ್ಣಿನ ಮೂಲೆಯ ಮೇಲೆ ಮುಚ್ಚಳದಂತೆ ಇಳಿಯುತ್ತದೆ. ಒಳತುದಿಯ ಮಾತು ಬೇರೆ. ಎಷ್ಟೋ ಮಂದಿಯಲ್ಲಿ ಅದು ವಯಸ್ಸಿನೊಂದಿಗೆ ಇಳಿಯದೆ ಇದ್ದಲ್ಲೇ ಇರುತ್ತದೆ, ಕೆಲವರಲ್ಲಿ ತುಸು ಮೇಲಕ್ಕೇ ಹೋಗಿರುತ್ತದೆ. ಆದ್ದರಿಂದ ಇಡೀ ಹುಬ್ಬನ್ನು ಒಂದೇ ಅಳತೆಯಲ್ಲಿ ಎತ್ತುವ ಶಸ್ತ್ರಕ್ರಿಯೆ ಹಲವರಿಗೆ ಅಗತ್ಯವೇ ಇರುವುದಿಲ್ಲ.

ಆದುದರಿಂದ ಯಾವ ವಿಧಾನ ಎಂಬ ಪ್ರಶ್ನೆಗಿಂತ ಮೊದಲು ಇಳಿದಿರುವುದು ಏನು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು. ಕಣ್ಣಿನ ಮೇಲಿನ ಭಾರಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ: ಹುಬ್ಬೇ ಕೆಳಗಿಳಿದಿರಬಹುದು; ಹುಬ್ಬು ಸ್ವಸ್ಥಾನದಲ್ಲಿದ್ದು ಮೇಲ್ರೆಪ್ಪೆಯ ಚರ್ಮ ಮಾತ್ರ ಹೆಚ್ಚಾಗಿ ಮಡಿಕೆಬಿದ್ದಿರಬಹುದು; ಅಥವಾ ರೆಪ್ಪೆಯನ್ನು ಎತ್ತುವ ಲಿವೇಟರ್ ಎಂಬ ಸ್ನಾಯು ಸೋತು ರೆಪ್ಪೆಯ ಅಂಚೇ ಪಾಪೆಯ ಕಡೆಗೆ ಸರಿದಿರಬಹುದು. ಕೊನೆಯದನ್ನು ಟೋಸಿಸ್ ಎನ್ನುತ್ತಾರೆ. ಪಾಪೆಯ ನಡುವಿನಲ್ಲಿ ಹೊಳೆಯುವ ಬೆಳಕಿನ ಬಿಂದುವಿನಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಅಂತರವಿರುತ್ತದೆ. ಅದು ಗಣನೀಯವಾಗಿ ಕಡಿಮೆಯಾಗಿದ್ದರೆ ಹುಬ್ಬನ್ನು ಎತ್ತುವುದರಿಂದ ರೋಗದ ಮೂಲಕ್ಕೆ ಚಿಕಿತ್ಸೆಯಾಗುವುದಿಲ್ಲ. ಈ ಮೂರೂ ಒಬ್ಬರಲ್ಲೇ ಬೆರೆತಿರುವುದೂ ಉಂಟು, ಅದನ್ನು ದೇಹವೇ ಮರೆಮಾಚುವುದೂ ಉಂಟು: ದೃಷ್ಟಿಗೆ ಅಡ್ಡಿಯಾದಾಗ ಮನುಷ್ಯ ತನಗರಿವಿಲ್ಲದೆ ಹಣೆಯ ಸ್ನಾಯುವನ್ನು ಬಿಗಿದು ಹುಬ್ಬೇರಿಸಿಕೊಂಡೇ ಇರುತ್ತಾನೆ. ಅಂಥವರಿಗೆ ಬ್ಲೆಫರೋಪ್ಲಾಸ್ಟಿ, ಅಂದರೆ ರೆಪ್ಪೆಯ ಹೆಚ್ಚುವರಿ ಚರ್ಮವನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ಮಾತ್ರ ಮಾಡಿದರೆ, ದೃಷ್ಟಿಯ ಅಡ್ಡಿ ನಿವಾರಣೆಯಾದೊಡನೆ ಹಣೆ ಸಡಿಲಗೊಂಡು ಹುಬ್ಬು ಇಳಿದುಬಿಡುತ್ತದೆ. ಆದ್ದರಿಂದಲೇ ಅನುಭವಿ ವೈದ್ಯರು ರೋಗಿಯನ್ನು ನೇರವಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಹಣೆ ಪೂರ್ತಿ ಸಡಿಲವಾದ ಮೇಲೆ ನಿಧಾನವಾಗಿ ಕಣ್ಣು ತೆರೆಸಿ ಹುಬ್ಬಿನ ನಿಜವಾದ ಸ್ಥಾನವನ್ನು ಗುರುತಿಸುತ್ತಾರೆ. ಈ ಪರೀಕ್ಷೆಯನ್ನೇ ಮಾಡದೆ ಫೋಟೋ ನೋಡಿ ವಿಧಾನವನ್ನೂ ದರವನ್ನೂ ಹೇಳುವ ಕಡೆ ಮುಂದಿನ ಮಾತಿಗೆ ಅವಕಾಶ ಕೊಡದಿರುವುದೇ ಲೇಸು.

ವಿಧಾನಗಳ ಚರಿತ್ರೆ ಎಳೆಯುವುದರಿಂದ ಬಿಡಿಸುವುದರ ಕಡೆಗೆ ಸಾಗಿದ ಚರಿತ್ರೆ. ಫ್ರಾನ್ಸಿನ ರೇಮಂಡ್ ಪಾಸೊ 1919ರಲ್ಲಿ ಕೂದಲಿನ ಅಂಚಿನಲ್ಲೂ ಹಣೆಯಲ್ಲೂ ಚರ್ಮದ ಸಣ್ಣ ಸಣ್ಣ ದೀರ್ಘವೃತ್ತಾಕಾರದ ತುಣುಕುಗಳನ್ನು ತೆಗೆದು ಹೊಲಿಯುವ ಕ್ರಮವನ್ನು ವಿವರಿಸಿದರು. ಸ್ನಾಯುಗಳನ್ನು ಮುಟ್ಟದೆ ಚರ್ಮವನ್ನು ಮಾತ್ರ ಬಿಗಿಗೊಳಿಸುವ ಇಂಥ ಕ್ರಮಗಳ ಪರಿಣಾಮ ಬಹುಕಾಲ ಉಳಿಯುತ್ತಿರಲಿಲ್ಲ, ಏಕೆಂದರೆ ಚರ್ಮ ಹಿಗ್ಗುವ ವಸ್ತು, ಅದರಡಿಯ ಸೆಳೆತವಾದರೋ ಹಾಗೆಯೇ ಮುಂದುವರಿಯುತ್ತದೆ. 1960 ಮತ್ತು 70ರ ದಶಕಗಳಲ್ಲಿ ಕಾರುಗೇಟರ್, ಪ್ರೊಸೀರಸ್‌ಗಳನ್ನು ಕಣ್ಣಾರೆ ಕಂಡು ದುರ್ಬಲಗೊಳಿಸುವ ಅಭ್ಯಾಸ ಬೇರೂರಿದ ಮೇಲೆ ಕೊರೋನಲ್ ವಿಧಾನ ಈ ಕ್ಷೇತ್ರದ ಮಾನದಂಡವಾಯಿತು. ಅದರಲ್ಲಿ ಕೂದಲಿನ ಒಳಗೆ ಒಂದು ಕಿವಿಯ ಮೇಲಿನಿಂದ ಇನ್ನೊಂದು ಕಿವಿಯ ಮೇಲಿನವರೆಗೆ ಅಡ್ಡಲಾಗಿ ಕೊಯ್ದು, ಗೇಲಿಯಾದ ಅಡಿಯ ಸಡಿಲ ಪದರದಲ್ಲಿ ಹಣೆಯನ್ನು ಕಣ್ಣುಗೂಡಿನ ಮೇಲಂಚಿನವರೆಗೆ ಬಿಡಿಸಿ ಕೆಳಕ್ಕೆ ಮಡಿಚಿ, ಸ್ನಾಯುಗಳ ಕೆಲಸ ಮುಗಿಸಿ, ಹೆಚ್ಚಾದ ನೆತ್ತಿಯ ಚರ್ಮದ ಒಂದು ಪಟ್ಟಿಯನ್ನು ತೆಗೆದು ಹೊಲಿಯುತ್ತಾರೆ. ಎಲ್ಲವೂ ಕಣ್ಣೆದುರಿಗೇ ತೆರೆದಿರುವುದು ಇದರ ಲಾಭ. ಉದ್ದನೆಯ ಕಲೆ, ಅದರ ಆಚೀಚೆ ಕೂದಲು ಉದುರುವ ಸಾಧ್ಯತೆ, ಮುಂಗೂದಲಿನ ಅಂಚು ಹಿಂದಕ್ಕೆ ಸರಿದು ಹಣೆ ಇನ್ನಷ್ಟು ಎತ್ತರವಾಗಿ ಕಾಣುವುದು, ಕೊಯ್ತದ ಹಿಂದಿನ ನೆತ್ತಿಯಲ್ಲಿ ಸ್ಪರ್ಶಜ್ಞಾನ ಕುಂದುವುದು ಇದರ ನಷ್ಟಗಳು. ಮೊದಲೇ ಹಣೆ ಎತ್ತರವಾಗಿರುವವರಿಗೆ ಕೂದಲಿನ ಅಂಚಿನಲ್ಲೇ, ಮುಂದೆ ಕಲೆಯ ನಡುವಿನಿಂದಲೂ ಕೂದಲು ಹುಟ್ಟಿಬರುವಂತೆ ಓರೆಯಾಗಿ ಕೊಯ್ಯುವ ಟ್ರೈಕೋಫೈಟಿಕ್ ಎಂಬ ಬದಲಿ ಕ್ರಮವಿದೆ. ಅದು ಹಣೆಯ ಎತ್ತರವನ್ನು ಹೆಚ್ಚಿಸುವುದಿಲ್ಲ, ಬೇಕೆಂದರೆ ತಗ್ಗಿಸಲೂ ಬಲ್ಲದು.

1990ರ ದಶಕದ ಆರಂಭದಲ್ಲಿ ಅಮೆರಿಕದ ಲೂಯಿಸ್ ವಾಸ್ಕೊನೆಸ್, ನಿಕನೊರ್ ಇಸ್ಸೆ ಮೊದಲಾದವರು ಎಂಡೋಸ್ಕೋಪನ್ನು, ಅಂದರೆ ತುದಿಯಲ್ಲಿ ಬೆಳಕಿದ್ದು ಒಳಗಿನ ದೃಶ್ಯವನ್ನು ಪರದೆಯ ಮೇಲೆ ತೋರಿಸುವ ತೆಳ್ಳನೆಯ ಕೊಳವೆಯನ್ನು, ಹಣೆಗೆ ತಂದಾಗ ಚಿತ್ರವೇ ಬದಲಾಯಿತು. ಈ ಕ್ರಮದಲ್ಲಿ ಕೂದಲಿನೊಳಗೆ ಸಾಮಾನ್ಯವಾಗಿ ಮೂರರಿಂದ ಐದು ಚಿಕ್ಕ ಕೊಯ್ತಗಳು ಸಾಕು. ಹಣೆಯ ನಡುಭಾಗದಲ್ಲಿ ಎಲುಬಿನ ಮೇಲ್ಪೊರೆಯ ಅಡಿಯಲ್ಲಿ, ಕಣತಲೆಯಲ್ಲಿ ಅಲ್ಲಿನ ಆಳದ ತಂತುಪೊರೆಯ ಮೇಲೆ ದಾರಿ ಮಾಡಿಕೊಂಡು, ಈ ಎರಡು ದಾರಿಗಳು ಸೇರುವ ಏಣಿನ ಉದ್ದಕ್ಕೂ ಇರುವ ಗಟ್ಟಿ ಬಂಧವನ್ನು ಬಿಡಿಸುತ್ತಾರೆ. ಅನಂತರ ಕಣ್ಣುಗೂಡಿನ ಮೇಲಂಚಿನಲ್ಲಿ ಎಲುಬಿನ ಪೊರೆಯನ್ನು ಅಡ್ಡಲಾಗಿ ಕತ್ತರಿಸಿ, ಹುಬ್ಬುಗಳ ನಡುವಿನ ಸ್ನಾಯುಗಳನ್ನು ದುರ್ಬಲಗೊಳಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಚರ್ಮವನ್ನು ಬಹುತೇಕ ತೆಗೆಯುವುದೇ ಇಲ್ಲ. ಆದರೂ ಹುಬ್ಬು ಮೇಲೇರುತ್ತದೆ. ಎಳೆತವಿಲ್ಲದ ಈ ಏರಿಕೆ ಬಿಡಿಸುವಿಕೆಯ ಮಹತ್ವಕ್ಕೆ ಸ್ಪಷ್ಟವಾದ ಪುರಾವೆ. ಬಿಡಿಸಿದ ಪದರ ಹೊಸ ಸ್ಥಾನದಲ್ಲಿ ಎಲುಬಿಗೆ ಮತ್ತೆ ಅಂಟಿಕೊಳ್ಳಲು ಕೆಲವು ವಾರಗಳು ಬೇಕಾಗುವುದರಿಂದ, ಅಲ್ಲಿಯವರೆಗೆ ಅದನ್ನು ಹಿಡಿದಿಡಲು ಬುರುಡೆಯ ಹೊರಪದರದಲ್ಲಿ ಕೊರೆದ ಪುಟ್ಟ ಸುರಂಗದ ಮೂಲಕ ಹೊಲಿಗೆ, ಸ್ಕ್ರೂ, ಅಥವಾ ತಾನಾಗಿ ಕರಗುವ ಸಣ್ಣ ಕೊಕ್ಕೆಗಳನ್ನು ಬಳಸುತ್ತಾರೆ. ಬಿಡಿಸುವುದು ಅಪೂರ್ಣವಾಗಿದ್ದರೆ ಈ ಆಧಾರಗಳಲ್ಲಿ ಯಾವುದೂ ಹುಬ್ಬನ್ನು ಬಹುಕಾಲ ಮೇಲಿಡಲಾರದು.

ಎಂಡೋಸ್ಕೋಪಿನ ಹೆಸರು ಹೊಸದೆಂಬ ಮಾತ್ರಕ್ಕೆ ಅದು ಎಲ್ಲರಿಗೂ ಸರಿಹೊಂದುವುದಿಲ್ಲ. ತುಂಬ ಎತ್ತರವಾದ, ದುಂಡಗೆ ಉಬ್ಬಿದ ಹಣೆಯಲ್ಲಿ ನೇರ ಉಪಕರಣಗಳನ್ನು ಸಾಗಿಸುವುದು ಕಷ್ಟ. ದಪ್ಪ ಚರ್ಮದ ಭಾರವಾದ ಹುಬ್ಬಿನಲ್ಲಿ ಅದರ ಫಲ ಕಡಿಮೆ. ಹೊರತುದಿ ಮಾತ್ರ ಇಳಿದಿರುವವರಿಗೆ ಕಣತಲೆಯ ಕೂದಲಿನೊಳಗೆ ಮಾಡುವ ಕೆಲವೇ ಸೆಂಟಿಮೀಟರ್‌ಗಳ ಕೊಯ್ತ ಸಾಕಾಗಬಹುದು. ಅಮೆರಿಕದ ಡೇವಿಡ್ ನೈಜ್ 1996ರಲ್ಲಿ ವಿವರಿಸಿದ ಸೀಮಿತ ಕೊಯ್ತದ ವಿಧಾನ ಈ ಬಗೆಯದು. ರೆಪ್ಪೆಯ ಶಸ್ತ್ರಕ್ರಿಯೆಯನ್ನು ಹೇಗೂ ಮಾಡಿಸಿಕೊಳ್ಳುವವರಲ್ಲಿ ಅದೇ ರೆಪ್ಪೆಮಡಿಕೆಯ ಕೊಯ್ತದ ಮೂಲಕ ಹುಬ್ಬಿನಡಿಯ ಅಂಗಾಂಶವನ್ನು ಎಲುಬಿನ ಪೊರೆಗೆ ಹೊಲಿದು ನಿಲ್ಲಿಸುವುದೂ ಸಾಧ್ಯ. ಅದರಿಂದ ಸಿಗುವುದು ಎತ್ತರಕ್ಕಿಂತ ಹೆಚ್ಚಾಗಿ ಸ್ಥಿರತೆ. ಹುಬ್ಬಿನ ರೋಮಗಳ ನೇರ ಮೇಲೆಯೇ ಚರ್ಮದ ಪಟ್ಟಿಯನ್ನು ತೆಗೆಯುವ ನೇರ ವಿಧಾನ ಎಲ್ಲಕ್ಕಿಂತ ಸರಳ, ಅಳತೆಯಲ್ಲಿ ಎಲ್ಲಕ್ಕಿಂತ ನಿಖರ, ಸ್ಥಳೀಯ ಅರಿವಳಿಕೆಯಲ್ಲೇ ಮುಗಿಯುವಂಥದು; ಆದರೆ ಕಲೆ ಮುಖದ ಮೇಲೆಯೇ ಉಳಿಯುತ್ತದೆ. ಹಣೆಯ ಆಳವಾದ ಅಡ್ಡಗೆರೆಯಲ್ಲಿ ಕೊಯ್ತವನ್ನು ಅಡಗಿಸುವ ನಡುಹಣೆಯ ವಿಧಾನ, ಕೂದಲು ಉದುರಿ ಬೇರೆಲ್ಲೂ ಕಲೆಯನ್ನು ಮರೆಮಾಡಲಾಗದ ವಯಸ್ಸಾದ ಪುರುಷರಿಗೆ ಮೀಸಲಾದದ್ದು. ಚರ್ಮದಡಿ ದಾರ ಪೋಣಿಸಿ ಎತ್ತುವ ಕ್ರಮ ಬಿಡಿಸುವ ಕೆಲಸವನ್ನೇ ಮಾಡುವುದಿಲ್ಲವಾದ್ದರಿಂದ ಅದರ ಫಲ ತಾತ್ಕಾಲಿಕ.

ಚಾಕು ಮುಟ್ಟದ ಒಂದು ಚಿಕಿತ್ಸೆಯೂ ಇದೇ ತತ್ತ್ವವನ್ನು ಸಮರ್ಥಿಸುತ್ತದೆ. ಕೆನಡಾದ ವ್ಯಾಂಕೂವರಿನ ವೈದ್ಯ ದಂಪತಿ ಜೀನ್ ಮತ್ತು ಅಲಸ್ಟೇರ್ ಕಾರುದರ್ಸ್ 1992ರಲ್ಲಿ ಹುಬ್ಬುಗಂಟಿನ ಗೆರೆಗಳಿಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದಿನ ಬಳಕೆಯನ್ನು ಪ್ರಕಟಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಅದಕ್ಕೆ ಅನುಮತಿಯಿತ್ತಿತು. ಬೊಟಾಕ್ಸ್ ಎಂಬ ಮಾರುಕಟ್ಟೆಯ ಹೆಸರಿನಿಂದ ಎಲ್ಲರಿಗೂ ಗೊತ್ತಿರುವ ಈ ಮದ್ದು ಕೆಳಗೆಳೆಯುವ ಸ್ನಾಯುಗಳನ್ನು ಮೂರು ನಾಲ್ಕು ತಿಂಗಳು ಸಡಿಲಗೊಳಿಸಿದಾಗ ಹುಬ್ಬು ತಾನಾಗಿ ಒಂದೆರಡು ಮಿಲಿಮೀಟರ್ ಏರುತ್ತದೆ. ಅದೇ ಮದ್ದನ್ನು ಹಣೆಯ ಗೆರೆ ಅಳಿಸಲೆಂದು ಫ್ರಂಟಾಲಿಸ್‌ಗೆ ಅತಿಯಾಗಿ ಚುಚ್ಚಿದರೆ ಹುಬ್ಬು ಇಳಿದು ಕಣ್ಣು ಇನ್ನಷ್ಟು ಭಾರವಾಗುತ್ತದೆ. ಅಲ್ಪ ಪ್ರಮಾಣದ ತೊಂದರೆಯುಳ್ಳವರು ಶಸ್ತ್ರಕ್ರಿಯೆಗೆ ಮೊದಲು ಇದನ್ನು ಪ್ರಯತ್ನಿಸಿ ನೋಡುವುದರಲ್ಲಿ ವಿವೇಕವಿದೆ; ಪರಿಣಾಮ ಮೆಚ್ಚುಗೆಯಾಗದಿದ್ದರೆ ಅದು ಕಾಲಕ್ರಮದಲ್ಲಿ ತಾನೇ ಕಳೆಯುತ್ತದೆ.

ಶಸ್ತ್ರಕ್ರಿಯೆಯ ಅಪಾಯಗಳಲ್ಲಿ ಮೊದಲು ನರಗಳದು. ಫ್ರಂಟಾಲಿಸ್‌ಗೆ ಚಲನೆ ಕೊಡುವುದು ಮುಖನರದ ಒಂದು ಕವಲು. ಬ್ರೆಜಿಲ್‌ನ ಹೆಸರಾಂತ ಪ್ಲಾಸ್ಟಿಕ್ ಸರ್ಜನ್ ಇವೊ ಪಿಟಾಂಗುಯ್ 1966ರಲ್ಲಿ ಅದರ ಹಾದಿಯನ್ನು ಗುರುತಿಸಿಕೊಟ್ಟರು: ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯ ಅರ್ಧ ಸೆಂಟಿಮೀಟರ್ ಕೆಳಗಿನಿಂದ ಹುಬ್ಬಿನ ಹೊರತುದಿಯ ಒಂದೂವರೆ ಸೆಂಟಿಮೀಟರ್ ಮೇಲಕ್ಕೆ ಎಳೆದ ರೇಖೆಯೇ ಆ ಹಾದಿ. ಕಣತಲೆಯಲ್ಲಿ ಆ ಕವಲು ಮೇಲಿನ ತಂತುಪೊರೆಯೊಡನೆ ಸಾಗುವುದರಿಂದ, ಶಸ್ತ್ರವೈದ್ಯರು ಅದರ ಅಡಿಯ ಆಳದ ಪೊರೆಗೆ ಅಂಟಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಪದರ ತಪ್ಪಿದರೆ ಒಂದು ಬದಿಯ ಹುಬ್ಬು ಅಲುಗದಂತಾಗುತ್ತದೆ, ಹೆಚ್ಚಿನವರಲ್ಲಿ ಅದು ತಿಂಗಳುಗಳಲ್ಲಿ ಸರಿಹೋದರೂ ಕೆಲವರಲ್ಲಿ ಶಾಶ್ವತವಾಗಬಹುದು. ಹಣೆಗೂ ನೆತ್ತಿಗೂ ಸ್ಪರ್ಶಜ್ಞಾನ ಕೊಡುವ ನರಗಳು ಕಣ್ಣುಗೂಡಿನ ಮೇಲಂಚಿನಿಂದ ಹೊರಟು ಮೇಲೆ ಸಾಗುತ್ತವೆ. ಅವು ಜಗ್ಗಿದರೆ ಅಥವಾ ತುಂಡಾದರೆ ಜೋಮು, ಅದು ಬಿಡುವಾಗ ತಡೆಯಲಾಗದ ತುರಿಕೆ ಕಾಡುತ್ತದೆ. ರಕ್ತ ಹೆಪ್ಪುಗಟ್ಟಿ ನಿಲ್ಲುವುದು, ಸೋಂಕು, ಎರಡು ಬದಿಗಳಲ್ಲಿ ಏರುಪೇರು, ರೆಪ್ಪೆಯ ಚರ್ಮವನ್ನೂ ಅತಿಯಾಗಿ ತೆಗೆದವರಲ್ಲಿ ಕಣ್ಣು ಪೂರ್ತಿ ಮುಚ್ಚದೆ ಕಾರ್ನಿಯಾ ಒಣಗುವುದು ಇವೂ ಪಟ್ಟಿಯಲ್ಲಿವೆ. ಧೂಮಪಾನ, ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ರಕ್ತದೊತ್ತಡ, ರಕ್ತ ತೆಳುಮಾಡುವ ಮಾತ್ರೆಗಳು ಈ ಅಪಾಯಗಳನ್ನು ಹೆಚ್ಚಿಸುವುದರಿಂದ ಇವುಗಳಲ್ಲಿ ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು, ಮಾತ್ರೆಗಳನ್ನು ತಮ್ಮಷ್ಟಕ್ಕೆ ನಿಲ್ಲಿಸಲೂಬಾರದು.

ಕೆಲವು ಸಂಗತಿಗಳು ಇಲ್ಲಿನವರಿಗೆ ವಿಶೇಷವಾಗಿ ಮುಖ್ಯವಾಗುತ್ತವೆ. ಕಂದು ಚರ್ಮದಲ್ಲಿ ಕಲೆ ಕಪ್ಪಾಗುವ, ದಪ್ಪಗಾಗಿ ಉಬ್ಬುವ ಪ್ರವೃತ್ತಿ ಹೆಚ್ಚಿರುವುದರಿಂದ ಹುಬ್ಬಿನ ಮೇಲೆ ಅಥವಾ ಮುಂಗೂದಲಿನ ಅಂಚಿನಲ್ಲಿ ಕೊಯ್ಯುವ ವಿಧಾನಗಳನ್ನು ಒಪ್ಪುವ ಮುನ್ನ ಮೈಮೇಲಿನ ಹಳೆಯ ಗಾಯಗಳು ಹೇಗೆ ಮಾಗಿವೆ ಎಂಬುದನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿ ನಡುಬೈತಲೆ ತೆಗೆಯುವ ಸ್ತ್ರೀಯರಲ್ಲಿ ಕೊರೋನಲ್ ಕಲೆ ಬೈತಲೆಯನ್ನು ಅಡ್ಡಲಾಗಿ ದಾಟುವ ಬಿಳಿ ಗೆರೆಯಾಗಿ ಕಾಣಬಹುದು. ತಿರುಪತಿಗೋ ಮಹದೇಶ್ವರ ಬೆಟ್ಟಕ್ಕೋ ಮುಡಿ ಕೊಡುವ ಹರಕೆ ಹೊತ್ತವರು, ತಲೆ ಬೋಳಿಸಿದ ದಿನ ಕೂದಲಿನೊಳಗಿನ ಯಾವ ಕಲೆಯೂ ಮರೆಯಾಗಿ ಉಳಿಯದೆಂಬುದನ್ನು ಮೊದಲೇ ನೆನೆದುಕೊಳ್ಳಬೇಕು. ನೃತ್ಯ, ನಾಟಕ, ಯಕ್ಷಗಾನಗಳಲ್ಲಿರುವವರ ವಿಚಾರ ಇನ್ನೂ ಸೂಕ್ಷ್ಮ. ಭರತನ ನಾಟ್ಯಶಾಸ್ತ್ರ ಹುಬ್ಬಿನ ಏಳು ಬಗೆಯ ಚಲನೆಗಳನ್ನು ಎಣಿಸಿ, ಏರಿಸುವ ಉತ್ಕ್ಷೇಪ, ಇಳಿಸುವ ಪಾತನ, ಗಂಟಿಕ್ಕುವ ಭ್ರುಕುಟಿ ಮೊದಲಾದವನ್ನು ಬೇರೆ ಬೇರೆ ಭಾವಗಳಿಗೆ ಹಂಚಿಕೊಟ್ಟಿದೆ; ಗಂಟಿಕ್ಕುವ ಸ್ನಾಯುವನ್ನೇ ತೆಗೆಸಿಕೊಂಡ ಕಲಾವಿದರ ಮುಖದಲ್ಲಿ ಕೋಪದ ಅಭಿನಯ ಮೊದಲಿನಂತೆ ಮೂಡದು. ಇದು ಕಲಾವಿದರಿಗಷ್ಟೇ ಸೇರಿದ ಮಾತಲ್ಲ. ಹುಬ್ಬಿನ ಒಳತುದಿಯನ್ನು ಅತಿಯಾಗಿ ಎತ್ತಿದರೆ ಮುಖಕ್ಕೆ ಸದಾ ಬೆರಗುಗೊಂಡಂಥ ಭಾವ ಅಂಟಿಕೊಳ್ಳುತ್ತದೆ, ಅದನ್ನು ಮತ್ತೆ ಇಳಿಸುವುದು ಎತ್ತುವುದಕ್ಕಿಂತ ಎಷ್ಟೋ ಕಷ್ಟ. ಸ್ತ್ರೀಯರಲ್ಲಿ ಹುಬ್ಬು ಕಣ್ಣುಗೂಡಿನ ಅಂಚಿಗಿಂತ ತುಸು ಮೇಲೆ, ಹೊರಭಾಗದಲ್ಲಿ ಕಮಾನಾಗಿ, ಪುರುಷರಲ್ಲಿ ಅಂಚಿನ ಮಟ್ಟದಲ್ಲೇ ಹೆಚ್ಚು ಸಮತಲವಾಗಿ ಇರುತ್ತದೆ. ಪುರುಷನ ಹುಬ್ಬನ್ನು ಕಮಾನಾಗಿಸಿದರೆ ಚಹರೆಯೇ ಬದಲಾಗುತ್ತದೆ.

ಇದೇ ಶಸ್ತ್ರಕ್ರಿಯೆ ಸೌಂದರ್ಯದ ಮಾತೇ ಅಲ್ಲದವರೂ ಇದ್ದಾರೆ. ಮುಖನರದ ಪಾರ್ಶ್ವವಾಯುವಿನಿಂದ ಒಂದು ಬದಿಯ ಫ್ರಂಟಾಲಿಸ್ ಸತ್ತು ಹುಬ್ಬು ಕಣ್ಣಿನ ಮೇಲೆ ಕುಸಿದವರಿಗೆ, ನರ ಚೇತರಿಸಿಕೊಳ್ಳದೆಂದು ಖಚಿತವಾದ ಮೇಲೆ, ನೇರ ವಿಧಾನದಿಂದ ಹುಬ್ಬನ್ನೆತ್ತುವುದು ದೃಷ್ಟಿಯನ್ನು ಮರಳಿಸುವ ಚಿಕಿತ್ಸೆ. ಅಂಥವರ ಕಣ್ಣು ಮೊದಲೇ ಸರಿಯಾಗಿ ಮುಚ್ಚದಿರುವುದರಿಂದ ಅಳತೆಯಲ್ಲಿ ಇನ್ನಷ್ಟು ಸಂಯಮ ಬೇಕು. ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿ ಅಡ್ಡಿಯ ಪ್ರಮಾಣವನ್ನು ದಾಖಲಿಸಿಟ್ಟುಕೊಂಡರೆ, ಅದು ಅಲಂಕಾರಕ್ಕಾಗಿ ಮಾಡಿಸಿದ್ದಲ್ಲವೆಂದು ವಿಮಾ ಕಂಪನಿಯ ಮುಂದೆ ಹೇಳಲು ಆಧಾರವಾಗುತ್ತದೆ.

ಕಾನೂನು ರೋಗಿಯ ಪರವಾಗಿ ಹಲವು ಬಾಗಿಲುಗಳನ್ನು ತೆರೆದಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಗಣನೀಯ ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು, ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ ಜೀವಾಪಾಯದ ತುರ್ತಿನ ಹೊರತು ಇನ್ನೊಂದಕ್ಕೆ ಸಲ್ಲದು ಎಂದು ಹೇಳಿತು. ಹುಬ್ಬಿಗೆಂದು ಸಹಿ ಹಾಕಿದವರ ರೆಪ್ಪೆಯನ್ನು ಕೇಳದೆ ಕೊಯ್ಯುವಂತಿಲ್ಲ. ಕಾರ್ಯಾಗಾರದಲ್ಲಿ ಕುಳಿತು ನೋಡಿದ್ದು, ಯೂಟ್ಯೂಬ್‌ನಲ್ಲಿ ಕಂಡದ್ದು ಸೌಂದರ್ಯ ಶಸ್ತ್ರಕ್ರಿಯೆಗೆ ಸಾಕಾದ ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು. ಎಂ.ಎಸ್. ಪದವಿಯ ಮೇಲೆ ಮೂರು ವರ್ಷ ಓದಿ ಪಡೆಯುವ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಪದವಿ, ಅಥವಾ ಕಣ್ಣಿನ ವೈದ್ಯರಲ್ಲಿ ರೆಪ್ಪೆ-ಕಣ್ಣುಗೂಡುಗಳ ವಿಶೇಷ ತರಬೇತಿ, ಈ ಕೆಲಸಕ್ಕೆ ನಿರೀಕ್ಷಿಸಬೇಕಾದ ಅರ್ಹತೆಗಳು. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯುವುದು ಅವಮರ್ಯಾದೆಯಲ್ಲ.

ಆದುದರಿಂದ, ಮಾನ್ಯರೇ, ಸಮಾಲೋಚನೆಗೆ ಕುಳಿತಾಗ ‘ಎಷ್ಟು ಮೇಲೆ ಎತ್ತುತ್ತೀರಿ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ತಾವು ಕೇಳಬೇಕಾದವು ಇವು: ಇಳಿದಿರುವುದು ಹುಬ್ಬೋ, ರೆಪ್ಪೆಯ ಚರ್ಮವೋ, ರೆಪ್ಪೆಯ ಸ್ನಾಯುವೋ, ಯಾವ ಪದರದಲ್ಲಿ ಹೋಗಿ ಯಾವ ಬಂಧವನ್ನು ಬಿಡಿಸಲಾಗುತ್ತದೆ, ಬಿಡಿಸಿದ್ದನ್ನು ಯಾವುದರಿಂದ ನಿಲ್ಲಿಸಲಾಗುತ್ತದೆ, ಕಲೆ ಎಲ್ಲಿ ಉಳಿಯುತ್ತದೆ, ನರಕ್ಕೆ ಪೆಟ್ಟಾದರೆ ಮುಂದಿನ ಕ್ರಮವೇನು, ಶಸ್ತ್ರಕ್ರಿಯೆ ಮಾಡದಿದ್ದರೆ ಆಗುವುದೇನು. ಇವುಗಳಿಗೆ ಕನ್ನಡಿ ಹಿಡಿದು, ತಮ್ಮದೇ ಹಣೆಯ ಮೇಲೆ ಬೆರಳಿಟ್ಟು, ತಮಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರಿಸುವ ವೈದ್ಯರು ಸಿಕ್ಕರೆ ಮುಂದುವರಿಯಿರಿ. ವಿಧಾನದ ಹೆಸರನ್ನೂ ರಿಯಾಯಿತಿಯ ಕೊನೆಯ ದಿನಾಂಕವನ್ನೂ ಮಾತ್ರ ಹೇಳುವವರಾದರೆ ಮುಂಗಡ ಕೊಡದೆ ಎದ್ದು ಬನ್ನಿ. ಮುಪ್ಪಿನಿಂದ ಇಳಿದ ಹುಬ್ಬಿನ ಶಸ್ತ್ರಚಿಕಿತ್ಸೆಯಲ್ಲಿ ಅವಸರಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ.